ಆನೆಯ ತಲೆ, ಮಗುವಿನ ಕತ್ತು

ಟೀಚರ್: ಪ್ರತಿಭಾ ಕಾರಂಜಿಯ ಛದ್ಮವೇಷಕ್ಕೆ ಈ ಸಲ ಆನೆಯೇ ಆಗಬೇಕು ಅಂತ ಮಕ್ಕಳ ಹಟ, ಮೇಷ್ಟ್ರೇ. ಅರಕಲಗೂಡು, ಆಲೂರು, ಸಕಲೇಶಪುರದ ಕಡೆಯ ಮಕ್ಕಳಿಗೆ ಆನೆ ಬರೀ ಪುಸ್ತಕದ ಚಿತ್ರವಲ್ಲ, ಮನೆಯಲ್ಲಿ ದಿನಾ ಬರುವ ಮಾತು. 2023ರ ಡಿಸೆಂಬರಿನಲ್ಲಿ ಯಸಳೂರಿನ ಕಾಡಿನಲ್ಲಿ ದಸರಾ ಆನೆ ಅರ್ಜುನ ಸತ್ತ ಮೇಲಂತೂ ಆನೆಗೆ ಒಂದು ಹೆಸರು, ಒಂದು ಕತೆ ಸೇರಿಕೊಂಡಿದೆ. ಹಾಗಾಗಿ ಅವರ ಹಟ ನನಗೆ ಅರ್ಥವಾಗುತ್ತದೆ. ನಿಮ್ಮ ಸಲಹೆಯೇ ಅರ್ಥವಾಗುತ್ತಿಲ್ಲ. ಹಾಸನದ ಪೇಟೆಯಿಂದ ರಬ್ಬರಿನ ಮುಖವಾಡ ತಂದು ಹಾಕಿದರೆ ಕೆಲಸ ಮುಗಿಯಿತು. ಅದು ಬಿಟ್ಟು, ತಲೆಯನ್ನು ಮಕ್ಕಳ ಕೈಯಲ್ಲೇ ಮಾಡಿಸು, ತಪ್ಪಾದರೆ ಆಗಲಿ, ತಪ್ಪಿನಿಂದಲೇ ಕಲಿಯುತ್ತಾರೆ ಅನ್ನುತ್ತೀರಿ. ಈ ಮಾತನ್ನು ಎಲ್ಲರೂ ಹೇಳುತ್ತಾರೆ. ತಪ್ಪು ಮಾಡಿದವರೆಲ್ಲ ಕಲಿತಿದ್ದರೆ ಊರಲ್ಲಿ ದಡ್ಡರೇ ಇರುತ್ತಿರಲಿಲ್ಲವಲ್ಲ?

ಮೇಷ್ಟ್ರು: ಸರಿಯಾಗೇ ಕೇಳಿದೆಯಮ್ಮ. ತಪ್ಪಿನಿಂದ ಕಲಿಯುತ್ತಾರೆ ಅನ್ನುವುದು ಅರ್ಧ ಸತ್ಯ. ಕಣ್ಣಿಗೆ ಬೀಳದ ತಪ್ಪಿನಿಂದ ಯಾರೂ ಏನೂ ಕಲಿಯುವುದಿಲ್ಲ. ಕಣ್ಣಿಗೆ ಬಿದ್ದರೂ ತಿದ್ದುವ ಹೊತ್ತು ಮೀರಿದ ಮೇಲೆ ಬಿದ್ದರೆ, ಮಗು ಕಲಿಯುವುದು ಬೇಸರವೊಂದನ್ನೇ. ಉಳಿದರ್ಧ ಸತ್ಯ ಹೀಗಿದೆ: ತಪ್ಪು ಹಸಿಯಾಗಿರುವಾಗಲೇ ಕಾಣುವ ಹಾಗೆ ಕೆಲಸವನ್ನು ಜೋಡಿಸಿಕೊಂಡರೆ ಮಾತ್ರ ಅದು ಪಾಠವಾಗುತ್ತದೆ. ವೇಷದ ತಲೆಯಲ್ಲಿ ಈ ಜೋಡಣೆ ಸಾಮಾನ್ಯವಾಗಿ ತಲೆಕೆಳಗಾಗಿರುತ್ತದೆ. ಯಾಕೆಂದರೆ ಅದರಲ್ಲಿ ಎರಡು ಬಗೆಯ ತಪ್ಪುಗಳಿವೆ. ಒಂದು ನೋಡುವವರ ತಪ್ಪು: ಕಿವಿ ಸಣ್ಣದಾಯಿತು, ಬಣ್ಣ ಕಪ್ಪಾಯಿತು, ದಂತ ಸೊಟ್ಟಗಾಯಿತು. ಇನ್ನೊಂದು ಹೊರುವವರ ತಪ್ಪು: ಒಳಗೆ ತಲೆ ಹಿಡಿಯುವುದಿಲ್ಲ, ಕಣ್ಣು ಕಾಣುವುದಿಲ್ಲ, ಉಸಿರು ಕಟ್ಟುತ್ತದೆ, ಕತ್ತು ಮುಂದಕ್ಕೆ ಜಗ್ಗುತ್ತದೆ. ಮೊದಲ ಬಗೆಯದು ದೂರದಿಂದಲೇ ಎಲ್ಲರಿಗೂ ಕಾಣುತ್ತದೆ, ಕೊನೆಯ ದಿನವೂ ತಿದ್ದಬಹುದು. ಎರಡನೆಯದು ತಲೆಯನ್ನು ತೂರಿಸಿ ನಾಲ್ಕು ಹೆಜ್ಜೆ ಹಾಕುವ ತನಕ ಯಾರಿಗೂ ಕಾಣುವುದಿಲ್ಲ, ಮತ್ತು ಅಂಟು ಒಣಗಿ ಬಣ್ಣ ಕೂತ ಮೇಲೆ ಅದನ್ನು ತಿದ್ದುವುದೆಂದರೆ ಒಡೆಯುವುದು ಅಂತಲೇ ಅರ್ಥ. ಹೊಸಬರು ಮೊದಲ ಬಗೆಗೆ ಹೆದರಿ, ಎರಡನೆಯದನ್ನು ಕಾರ್ಯಕ್ರಮದ ಬೆಳಿಗ್ಗೆಗೆ ಬಿಡುತ್ತಾರೆ. ಮೇಜಿನ ಮೇಲೆ ಕೂತ ಆನೆ ಎಲ್ಲರಿಗೂ ಚೆಂದ. ಅದು ಮೇಜಿನ ಮೇಲೆ ಕೂರುವುದಕ್ಕೆ ಹುಟ್ಟಿದ್ದಲ್ಲ.

ಟೀಚರ್: ಹಾಗಾದರೆ ಮೊದಲೇ ಅಳತೆ ಸರಿಯಾಗಿ ತೆಗೆದುಕೊಂಡರೆ ಆಯಿತಲ್ಲ? ಮಗುವಿನ ತಲೆಗೆ ಟೇಪು ಸುತ್ತಿ, ಅದೇ ಅಳತೆಗೆ ಬಲೂನು ಊದಿ, ಮೇಲೆ ಕಾಗದ ಅಂಟಿಸಿದರೆ ತಪ್ಪಿಗೆ ಜಾಗವೆಲ್ಲಿ?

ಮೇಷ್ಟ್ರು: ಆ ಒಂದು ವಾಕ್ಯದಲ್ಲೇ ಎಲ್ಲರೂ ಮಾಡುವ ಮೊದಲ ತಪ್ಪು ಕೂತಿದೆ. ಎಂಟೊಂಬತ್ತು ವರ್ಷದ ಮಗುವಿನ ತಲೆಯ ಸುತ್ತಳತೆ 52 ಸೆಂಟಿಮೀಟರ್ ಅಂತಿಟ್ಟುಕೋ. ಬಲೂನನ್ನು 52ಕ್ಕೇ ಊದಿದೆ. ಕಾಗದ ಒಣಗುವಾಗ ಸ್ವಲ್ಪ ಬಿಗಿದುಕೊಳ್ಳುತ್ತದೆ, ಅದು ಹಾಗಿರಲಿ. ಒಳಗೆ ಚುಚ್ಚದಿರಲಿ ಅಂತ ಸುತ್ತಲೂ ಒಂದು ಸೆಂಟಿಮೀಟರ್ ದಪ್ಪದ ಸ್ಪಂಜು ಹಾಕುತ್ತೀಯ. ಒಂದು ಸೆಂಟಿಮೀಟರ್ ತಾನೇ ಅನ್ನಿಸುತ್ತದೆ. ಆದರೆ ಎರಡೂ ಬದಿಯಿಂದ ಅಡ್ಡಗಲ ಎರಡು ಸೆಂಟಿಮೀಟರ್ ಇಳಿಯಿತು. ಅಡ್ಡಗಲ ಎರಡು ಇಳಿದರೆ ಸುತ್ತಳತೆ ಆರಕ್ಕಿಂತ ಹೆಚ್ಚು ಇಳಿಯುತ್ತದೆ. ಈಗ ಒಳಗೆ ಉಳಿದದ್ದು 46ಕ್ಕೂ ಕಡಿಮೆ. ನಾಲ್ಕನೇ ತರಗತಿಯ ಮಗುವಿಗೆ ಮಾಡಿದ ಆನೆ ಕೂಸಿನ ತಲೆಗೂ ಇಳಿಯುವುದು ಅನುಮಾನ. ಇದು ಗಣಿತದ ಪುಸ್ತಕದಲ್ಲಿರುವ ವೃತ್ತದ ಪಾಠವೇ. ಸೂತ್ರ ಮಕ್ಕಳ ಬಾಯಲ್ಲಿರುತ್ತದೆ, ತಲೆ ಒಳಗೆ ಹೋಗದೆ ಸಿಕ್ಕಿಕೊಂಡಾಗಷ್ಟೇ ಅದು ತಲೆಗೆ ಹೋಗುತ್ತದೆ. ಸ್ಪಂಜಿಗೆ ಆರು, ಕಾಗದ ಬಿಗಿಯುವುದಕ್ಕೆ ಮತ್ತು ಕೈಯಾಡುವುದಕ್ಕೆ ಇನ್ನು ಮೂರ್ನಾಲ್ಕು ಅಂತ ಲೆಕ್ಕ ಹಾಕಿ 62ರ ಹತ್ತಿರ ಊದಬೇಕು. ಇದಕ್ಕಿಂತ ಸುಲಭದ ದಾರಿ ನಮ್ಮ ಸಂತೆಯಲ್ಲೇ ಇದೆ. ಮೇದರು ಹೆಣೆದ ಬಿದಿರು ಬುಟ್ಟಿಯೊಂದನ್ನು ಮಗುವಿನ ತಲೆಗೆ ಬೋರಲು ಹಾಕಿ ನೋಡಿ ಕೊಂಡರೆ ಅಳತೆಯ ತಪ್ಪು ಅಂಗಡಿಯ ಮುಂದೆಯೇ ಗೊತ್ತಾಗುತ್ತದೆ. ಒಂದು ಹನಿ ಅಂಟೂ ಖರ್ಚಾಗುವುದಿಲ್ಲ. ಬೇಗ ಕಾಣುವ ತಪ್ಪು ಅಂದೆನಲ್ಲ, ಅದು ಹೀಗಿರುತ್ತದೆ.

ಟೀಚರ್: ಸರಿ, ಬುಟ್ಟಿ ತಲೆಗೆ ಕೂತಿತು. ಆನೆಗೆ ಸೊಂಡಿಲು ಬೇಕಲ್ಲ. ಮಕ್ಕಳು ಬಿಡಿಸಿದ ಚಿತ್ರದಲ್ಲೆಲ್ಲ ಸೊಂಡಿಲು ಮುಂದಕ್ಕೆ ಚಾಚಿ ಮೇಲಕ್ಕೆ ಎತ್ತಿದೆ. ಅದೇ ಬೇಕಂತೆ.

ಮೇಷ್ಟ್ರು: ಚಿತ್ರದಲ್ಲಿ ಸೊಂಡಿಲಿಗೆ ತೂಕವಿಲ್ಲ. ವೇಷದಲ್ಲಿ ಇದೆ, ಮತ್ತು ಅದು ತಕ್ಕಡಿಯ ಲೆಕ್ಕದಲ್ಲಿ ಬರುತ್ತದೆ. ರಟ್ಟು, ಕಾಗದ, ಅಂಟು ಎಲ್ಲ ಸೇರಿ ಸೊಂಡಿಲು 200 ಗ್ರಾಂ ಇದೆ, ಅದರ ಭಾರ ಕತ್ತಿನಿಂದ 30 ಸೆಂಟಿಮೀಟರ್ ಮುಂದೆ ಬೀಳುತ್ತದೆ ಅಂತಿಟ್ಟುಕೋ. ಇದನ್ನು ಸರಿದೂಗಿಸಲು ಕತ್ತಿನಿಂದ 10 ಸೆಂಟಿಮೀಟರ್ ಹಿಂದೆ 600 ಗ್ರಾಂ ಕಟ್ಟಬೇಕು. ಹೊಸಬರು ಹಾಗೇ ಮಾಡುತ್ತಾರೆ: ತಲೆ ಮುಂದಕ್ಕೆ ಬಗ್ಗಿತು ಅಂತ ಹಿಂದೆ ಮರಳಿನ ಪೊಟ್ಟಣ ಕಟ್ಟುತ್ತಾರೆ. ಆನೆಯ ತಲೆ ನೆಟ್ಟಗೆ ನಿಲ್ಲುತ್ತದೆ, ಮಗುವಿನ ಕತ್ತಿನ ಮೇಲೆ 200 ಗ್ರಾಮಿನ ಜಾಗದಲ್ಲಿ 800 ಗ್ರಾಂ ಕೂರುತ್ತದೆ. ಇದು ತಿದ್ದಿದ ತಪ್ಪಲ್ಲ, ಮುಚ್ಚಿದ ತಪ್ಪು. ಇವೆರಡನ್ನೂ ಬೇರೆ ಮಾಡಿ ನೋಡುವುದೇ ಈ ಕೆಲಸದ ದೊಡ್ಡ ಪಾಠ ಅಂತ ನನ್ನ ಅಭಿಪ್ರಾಯ. ಮುಚ್ಚುವವನು ತಪ್ಪಿನ ಮೇಲೆ ಏನನ್ನಾದರೂ ಹೇರುತ್ತಾನೆ, ತಿದ್ದುವವನು ತಪ್ಪು ಎಲ್ಲಿ ಹುಟ್ಟಿತೋ ಅಲ್ಲಿಗೆ ಹಿಂದಿರುಗುತ್ತಾನೆ. ಭಾರ ಹುಟ್ಟಿದ್ದು ಸೊಂಡಿಲು ಮುಂದೆ ಚಾಚಿದ್ದರಿಂದ. ಹಾಗಾದರೆ ಸೊಂಡಿಲನ್ನು ಮೂತಿಯಿಂದ ನೇರ ಎದೆಗೆ ಇಳಿಬಿಡು. ರಟ್ಟು ಬಿಟ್ಟು ಹಳೇ ಬನಿಯನ್ ಬಟ್ಟೆಯ ತೋಳಿನಂತೆ ಹೊಲಿ, ಒಳಗೆ ನಾಲ್ಕೈದು ತೆಳು ಬಿದಿರಿನ ಬಳೆ ಇಡು. ಹಗುರವಾಯಿತು, ಮಗು ನಡೆದಾಗ ತಾನೇ ಓಲಾಡುತ್ತದೆ. ಚಾಚಿದ ಸೊಂಡಿಲು ಚಿತ್ರದಲ್ಲಿ ಮಾತ್ರ ಆನೆ, ಓಲಾಡುವ ಸೊಂಡಿಲು ನಡಿಗೆಯಲ್ಲೂ ಆನೆ. ಇನ್ನು ಭಾರ ಕೂರುವ ಜಾಗ. ನೀರಿನ ಕೊಡ ಹೊರುವವರು ಸಿಂಬೆ ಸುತ್ತಿ ಇಟ್ಟುಕೊಳ್ಳುತ್ತಾರಲ್ಲ, ಬುಟ್ಟಿಯ ಒಳಗೂ ಅಂಥದ್ದೊಂದು ಸಿಂಬೆ ಹೊಲಿದರೆ ನೆತ್ತಿ ನೋಯುವುದಿಲ್ಲ, ತಲೆಯೂ ಗರಗರ ತಿರುಗುವುದಿಲ್ಲ.

ಟೀಚರ್: ಕಣ್ಣಿನ ವಿಷಯ ಬನ್ನಿ. ಆನೆಗೆ ಎರಡು ಕಣ್ಣು ಕೊರೆದು ಮಗು ಅದರಲ್ಲೇ ನೋಡಬೇಕು ತಾನೇ?

ಮೇಷ್ಟ್ರು: ಹುಲಿಯಾಗಿದ್ದರೆ ಹಾಗೆ ಮಾಡಿ ಹೇಗೋ ಪಾರಾಗುತ್ತಿದ್ದೆ, ಅದರ ಎರಡೂ ಕಣ್ಣು ನಮ್ಮ ಹಾಗೆ ಮುಂದಕ್ಕಿವೆ. ಆನೆಯ ಕಣ್ಣು ತಲೆಯ ಎರಡು ಪಕ್ಕದಲ್ಲಿವೆ. ಆನೆ ಆನೆಯಂತೆ ಕಾಣಬೇಕಾದರೆ ಕಣ್ಣು ಪಕ್ಕದಲ್ಲೇ ಇರಬೇಕು. ಮಗು ಆ ಕಣ್ಣಲ್ಲಿ ನೋಡಬೇಕಾದರೆ ಅದರ ಕಣ್ಣು ಕಿವಿಯ ಹತ್ತಿರ ಇರಬೇಕಾಗುತ್ತದೆ. ಅಂದರೆ ಆನೆಯ ಕಣ್ಣು ನೋಡುವವರಿಗೆ, ಮಗುವಿನ ಕಣ್ಣಿಗೆ ಬೇರೆ ಕಿಂಡಿಯೇ ಬೇಕು. ಆ ಕಿಂಡಿ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಕಣ್ಣಿಗೆ ಎಷ್ಟು ಹತ್ತಿರ ಅನ್ನುವುದು ಮುಖ್ಯ. ಎರಡು ಸೆಂಟಿಮೀಟರ್ ಅಗಲದ ತೂತು ಕಣ್ಣಿನಿಂದ 10 ಸೆಂಟಿಮೀಟರ್ ದೂರದಲ್ಲಿದ್ದರೆ, ಮೂರು ಮೀಟರ್ ಆಚೆ ಅರವತ್ತು ಸೆಂಟಿಮೀಟರ್ ಅಗಲದಷ್ಟೇ ಜಗತ್ತು ಕಾಣುತ್ತದೆ. ಅದೇ ತೂತು ಎರಡೇ ಸೆಂಟಿಮೀಟರ್ ದೂರದಲ್ಲಿದ್ದರೆ ಮೂರು ಮೀಟರ್ ಅಗಲ ಕಾಣುತ್ತದೆ. ತಲೆ ದೊಡ್ಡದಾದಷ್ಟೂ ಕಿಂಡಿ ದೂರ ಹೋಗುತ್ತದೆ, ಮಗು ಕುರುಡಾಗುತ್ತದೆ. ದೊಡ್ಡ ತಲೆಗೆ ದೊಡ್ಡ ಕಣ್ಣು ಕೊರೆಯುತ್ತೇನೆ ಅಂತ ಹೋದರೆ ಆನೆಯ ಮುಖವೇ ಹಾಳು. ಆದ್ದರಿಂದ ಸೊಂಡಿಲಿನ ಬುಡದ ಕೆಳಗೆ, ಬಾಯಿಯ ಜಾಗವನ್ನು ಅಗಲವಾಗಿ ತೆರೆದು ಅಲ್ಲಿ ನೋಡುವುದು ಒಳ್ಳೆಯದು. ಅದಕ್ಕೆ ಈರುಳ್ಳಿ, ಆಲೂಗಡ್ಡೆ ತುಂಬುವ ಜಾಲರಿ ಚೀಲದ ತುಂಡಿಗೆ ಕಪ್ಪು ಬಣ್ಣ ಬಳಿದು ಒಳಗಿನಿಂದ ಹೊಲಿದರೆ ಸಾಕು. ಹೊರಗೆ ಬೆಳಕು, ಒಳಗೆ ಕತ್ತಲೆ. ಒಳಗಿದ್ದವರಿಗೆ ಹೊರಗು ಕಾಣುತ್ತದೆ, ಹೊರಗಿದ್ದವರಿಗೆ ಆನೆಯ ಬಾಯಿ ಮಾತ್ರ ಕಾಣುತ್ತದೆ. ಅದೇ ಕಿಂಡಿಯಿಂದ ಗಾಳಿಯೂ ಬರುತ್ತದೆ. ಬಂದ ಗಾಳಿ ಬಿಸಿಯಾಗಿ ಮೇಲೇರಿ ಹೊರಗೆ ಹೋಗಲು ಕಿವಿಯ ಹಿಂದೆ, ನೆತ್ತಿಯ ಹತ್ತಿರ ಇನ್ನೆರಡು ತೂತು ಬೇಕು. ಅಡಿಗೆಮನೆಗೆ ಬಾಗಿಲೂ ಬೇಕು, ಬೆಳಕಿಂಡಿಯೂ ಬೇಕು.

ಟೀಚರ್: ನೀವು ಇಷ್ಟೆಲ್ಲ ಬಲ್ಲಿರಿ. ಬಲ್ಲವರು ಹೇಳಿಕೊಟ್ಟರೆ ಮಕ್ಕಳು ಮೊದಲ ಸಲವೇ ಸರಿಯಾಗಿ ಮಾಡುತ್ತಾರೆ. ನಮ್ಮ ಜನಪದ ಕಲೆಗಳೆಲ್ಲ ಹಾಗೇ ತಾನೇ ಬಂದದ್ದು? ಅಪ್ಪ ಮಾಡಿದ ಹಾಗೆ ಮಗ ಮಾಡಿದ. ಅಲ್ಲಿ ತಪ್ಪು ಮಾಡಿ ಕಲಿ ಅನ್ನುವ ಮಾತೇ ಇಲ್ಲ.

ಮೇಷ್ಟ್ರು: ಜನಪದದ ವೇಷಗಳನ್ನೇ ಸಾಲಾಗಿ ನಿಲ್ಲಿಸಿ ನೋಡೋಣ. ಕೀಲುಕುದುರೆಯಲ್ಲಿ ಪ್ರಾಣಿಯನ್ನು ತಲೆಯಿಂದ ಸೊಂಟಕ್ಕೆ ಇಳಿಸಿಬಿಟ್ಟಿದ್ದಾರೆ. ಕುದುರೆಗೆ ತಲೆ ಇದೆ, ಕುಣಿಯುವವರ ತಲೆ ಮಾತ್ರ ಬಯಲಲ್ಲೇ ಇದೆ. ಕಣ್ಣಿಗೆ, ಉಸಿರಿಗೆ, ಕತ್ತಿಗೆ ಯಾವ ಅಡ್ಡಿಯೂ ಇಲ್ಲ. ತಟ್ಟೀರಾಯ, ಗಾರುಡಿಗೊಂಬೆ ಅಂತೀವಲ್ಲ, ಅದರದು ಬಿದಿರು ದಬ್ಬೆಯಲ್ಲಿ ಹೆಣೆದ, ಆಳೆತ್ತರ ಮೀರಿದ ಒಡಲು. ಮೇಲಿನ ತಲೆಯಲ್ಲಿ ಯಾರ ತಲೆಯೂ ಇಲ್ಲ, ಒಳಗೆ ಹೊಕ್ಕವರು ಗೊಂಬೆಯ ಒಡಲಿನ ಕಿಂಡಿಯಿಂದ ದಾರಿ ನೋಡುತ್ತಾರೆ. ಕರಾವಳಿಯ ಹುಲಿವೇಷದವರು ಲಾಗ ಹಾಕಬೇಕು. ಅದಕ್ಕೇ ಅಲ್ಲಿ ಮುಖದ ಮೇಲೆ ಹುಲಿಯನ್ನು ಬಣ್ಣದಲ್ಲೇ ಬರೆಯುತ್ತಾರೆ, ಕಣ್ಣು ಮುಚ್ಚುವ ಮುಖವಾಡದ ತಂಟೆಗೆ ಹೋಗುವುದಿಲ್ಲ. ದೂರದ ಚೀನಾದ ಸಿಂಹನೃತ್ಯದಲ್ಲಿ ಬಿದಿರು ಚೌಕಟ್ಟಿನ ದೊಡ್ಡ ತಲೆಯನ್ನು ಕೈಯಲ್ಲಿ ಎತ್ತಿ ಹಿಡಿದವನು ಸಿಂಹದ ತೆರೆದ ಬಾಯಿಂದ ಹೊರಗೆ ನೋಡುತ್ತಾನೆ. ಪ್ರಾಣಿಯನ್ನು ಸೊಂಟಕ್ಕಿಳಿಸುವುದು, ತಲೆಯನ್ನು ಖಾಲಿ ಬಿಡುವುದು, ಮುಖಕ್ಕೆ ಬಣ್ಣವನ್ನಷ್ಟೇ ಹಚ್ಚುವುದು, ಬಾಯಿಂದ ನೋಡುವುದು. ನಾಲ್ಕು ವೇಷಕ್ಕೂ ಇದ್ದದ್ದು ಒಂದೇ ಪ್ರಶ್ನೆ: ಒಳಗಿದ್ದವರು ಎಲ್ಲಿಂದ ನೋಡಬೇಕು, ಹೇಗೆ ಉಸಿರಾಡಬೇಕು? ನಾಲ್ಕರಲ್ಲಿ ಯಾವುದೂ ಪ್ರಾಣಿಯ ಕಣ್ಣಿಂದ ನೋಡುವ ದಾರಿ ಹಿಡಿದಿಲ್ಲ.

ಟೀಚರ್: ಅದು ತಪ್ಪುಗಳಿಂದಲೇ ಬಂತು ಅಂತ ಹೇಗೆ ಹೇಳುತ್ತೀರಿ? ಯಾರೋ ಒಬ್ಬ ಜಾಣ ಕೂತು ಯೋಚಿಸಿ ಮಾಡಿರಬಹುದಲ್ಲ.

ಮೇಷ್ಟ್ರು: ಇರಬಹುದು. ಜಾಣ ಯೋಚಿಸಿದ ಅಂದರೂ ನನ್ನ ವಾದ ಬೀಳುವುದಿಲ್ಲ. ಅವನ ಯೋಚನೆ ಸರಿಯೋ ತಪ್ಪೋ ಅಂತ ತೀರ್ಪು ಕೊಟ್ಟದ್ದು ಕುಣಿಯುವವರ ಮೈ. ಮೆರವಣಿಗೆಯ ಉದ್ದಕ್ಕೂ ಹೊತ್ತು ನಡೆಯಲಾಗದ ವೇಷ ಎರಡನೇ ವರ್ಷಕ್ಕೆ ಉಳಿಯುವುದಿಲ್ಲ. ಅಪ್ಪನಿಂದ ಮಗನಿಗೆ ಇಳಿದದ್ದು ಆಕಾರ ಮಾತ್ರ ಅಂತ ನಾವು ಅಂದುಕೊಳ್ಳುತ್ತೇವೆ. ಆಕಾರದ ಜೊತೆಗೆ ಇಂಥದ್ದನ್ನು ಮಾಡಬೇಡ ಅನ್ನುವ ನೂರು ಸಂಗತಿಯೂ ಬಾಯಿಬಿಡದೆ ಇಳಿದಿವೆ. ತೊಂದರೆ ಅಲ್ಲೇ ಇರುವುದು. ಮಗನಿಗೆ ಹೇಗೆ ಅನ್ನುವುದು ಸಿಕ್ಕುತ್ತದೆ, ಯಾಕೆ ಅನ್ನುವುದು ಸಿಕ್ಕುವುದಿಲ್ಲ. ಅವನು ತಟ್ಟೀರಾಯ ಕಟ್ಟುವ ತನಕ ಯಾಕೆ ಗೊತ್ತಿಲ್ಲದಿದ್ದರೂ ನಡೆಯುತ್ತದೆ. ನಿನ್ನ ಮಕ್ಕಳ ಕೈಗೆ ಬಂದಿರುವುದು ಆನೆ. ಅದಕ್ಕೆ ಅಪ್ಪ ಬಿಟ್ಟುಹೋದ ಅಚ್ಚಿಲ್ಲ. ಹೊಸ ಪ್ರಾಣಿ ಬಂದಾಗ ಹೇಗೆ ಅನ್ನುವುದು ಕೈಕೊಡುತ್ತದೆ, ಯಾಕೆ ಅನ್ನುವುದು ಕೈಹಿಡಿಯುತ್ತದೆ. ನಾನು ಹೇಳಿಕೊಟ್ಟರೆ ಈ ವರ್ಷದ ಆನೆ ಚೆನ್ನಾಗಿ ಬಂದೀತು. ಮುಂದಿನ ವರ್ಷ ಅವರು ಕಾಟಿ ಬೇಕು ಅಂದರೆ ಮತ್ತೆ ನನ್ನ ಮನೆಗೇ ಬರಬೇಕು.

ಟೀಚರ್: ತಪ್ಪು ಸಲ್ಲದ ಕಡೆಯೂ ಇದೆಯಲ್ಲ? ಸೋಮನ ಕುಣಿತದ ಸೋಮ ಇದ್ದಾನೆ. ಆ ಮುಖ ಬರೀ ವೇಷವಲ್ಲ, ದೇವರು. ಅದನ್ನು ಯಾರಾದರೂ, ತಪ್ಪಾದರೆ ಆಗಲಿ, ಅಂತ ಮಾಡಲಾದೀತೇ? ಹಳೇಬೀಡಿನ ಶಿಲ್ಪಿ ಉಳಿ ಜಾರಲಿ ಪರವಾಗಿಲ್ಲ ಅಂದಿದ್ದರೆ ಗತಿ ಏನು?

ಮೇಷ್ಟ್ರು: ಈ ಆಕ್ಷೇಪ ಗಟ್ಟಿಯಾಗಿದೆ, ಅರ್ಧ ಒಪ್ಪುತ್ತೇನೆ. ತಪ್ಪು ಮಾಡಿ ಕಲಿಯಬಹುದೋ ಇಲ್ಲವೋ ಅನ್ನುವುದನ್ನು ಗುರುವೂ ಶಿಷ್ಯನೂ ತೀರ್ಮಾನಿಸುವುದಿಲ್ಲ, ಕೈಯಲ್ಲಿರುವ ವಸ್ತು ತೀರ್ಮಾನಿಸುತ್ತದೆ. ಹೊಯ್ಸಳರು ಬಳಸಿದ ಬಳಪದ ಕಲ್ಲು ಗಣಿಯಿಂದ ಬಂದಾಗ ಮೆತ್ತಗಿದ್ದು, ಗಾಳಿಗೆ ಬಿದ್ದಂತೆ ಗಟ್ಟಿಯಾಗುತ್ತದೆ. ಮೆತ್ತಗಿದ್ದರೂ ಅದು ಕಲ್ಲು. ಅದರಲ್ಲಿ ತೆಗೆಯುವುದುಂಟು, ಸೇರಿಸುವುದಿಲ್ಲ. ಹಾರಿಹೋದ ಚಕ್ಕೆ ಮತ್ತೆ ಮೂಗಾಗುವುದಿಲ್ಲ. ಸೋಮನ ಮುಖವನ್ನು ಕಡೆಯುವ ಮರವೂ ಹಾಗೇ. ಅಲ್ಲಿ ವರ್ಷಗಟ್ಟಲೆ ಗುರುವಿನ ಪಕ್ಕ ಕೂತು, ಬೇರೆಯವರ ತಪ್ಪಿನಿಂದ ಕಲಿಯಬೇಕು. ಕಾಗದ ಮತ್ತು ಅಂಟಿನ ಗುಣ ಇದಕ್ಕೆ ಉಲ್ಟಾ. ಸೇರಿಸಬಹುದು, ಕತ್ತರಿಸಬಹುದು, ನೆನೆಸಿ ಬಿಚ್ಚಬಹುದು. ಕಾಗದದಲ್ಲಿ ಮಾಡಿದ ತಪ್ಪಿಗೆ ಬೆಲೆ ನಿನ್ನೆಯ ಪೇಪರು ಮತ್ತು ಒಂದು ಹಿಡಿ ಮೈದಾ. ಇಷ್ಟು ಅಗ್ಗವಾಗಿ ತಪ್ಪು ಮಾಡಲು ಬಿಡುವ ವಸ್ತುವನ್ನು ಕೈಯಲ್ಲಿ ಹಿಡಿದು, ಕಲ್ಲಿನವರ ಹಾಗೆ ಹೆದರುತ್ತಾ ಕೆಲಸ ಮಾಡಿದರೆ ವಸ್ತು ಕೊಟ್ಟ ವರವನ್ನೇ ಬಿಟ್ಟುಕೊಟ್ಟಂತೆ. ಆದರೂ ಕಲ್ಲಿನವರಿಂದ ಒಂದು ಕ್ರಮ ಕಲಿಯುವುದಿದೆ. ಹಳೇಬೀಡಿನಲ್ಲಿ ಅರ್ಧಕ್ಕೆ ನಿಂತ ಕೆತ್ತನೆಗಳನ್ನು ನೋಡಿದರೆ ಗೊತ್ತಾಗುತ್ತದೆ: ಮೊದಲು ಒರಟು ಮೈ, ಆಭರಣದ ಕುಸುರಿ ಆಮೇಲೆ. ಮೈ ಸರಿಯಾಗುವ ಮೊದಲು ಮಣಿ ಕೊರೆಯಲು ಕೂತಿಲ್ಲ. ನಾವು ಮೊದಲ ದಿನವೇ ಬಣ್ಣದ ಡಬ್ಬಿ ತೆರೆಯುತ್ತೇವೆ.

ಟೀಚರ್: ಸ್ಪರ್ಧೆಯಲ್ಲಿ ತೀರ್ಪುಗಾರರು ನೋಡುವುದು ಬಣ್ಣವನ್ನೇ, ಮೇಷ್ಟ್ರೇ. ಮಗುವಿನ ಕತ್ತು ಆರಾಮವಾಗಿದೆಯೇ ಅಂತ ಯಾರೂ ಅಂಕ ಕೊಡುವುದಿಲ್ಲ. ಆನೆ ಆನೆಯಂತೆ ಕಾಣಬೇಕು, ಅಷ್ಟೆ.

ಮೇಷ್ಟ್ರು: ಆನೆಯಂತೆ ಕಾಣುವುದು ಅಂದರೆ ಏನು ಅನ್ನುವುದನ್ನು ನಮ್ಮ ಜಿಲ್ಲೆಯ ಕಲ್ಲುಗಳೇ ಹೇಳುತ್ತವೆ. ಹೊಯ್ಸಳ ಲಾಂಛನ ನೋಡು. ಕತೆಯಲ್ಲಿ ಸಳ ಹೊಡೆದದ್ದು ಹುಲಿಯನ್ನು. ಕಲ್ಲಿನಲ್ಲಿರುವುದು ಕೇಸರ ಬಿಟ್ಟ, ಗುಡ್ಡೆಗಣ್ಣಿನ, ಸಿಂಹದಂಥ ಮೃಗ. ಬೇಲೂರಿನಲ್ಲಿ ಅದರ ಮುಂದೆ ನಿಂತವರು ಇದು ಹುಲಿಯಂತಿಲ್ಲ ಅಂತ ದೂರುವುದಿಲ್ಲ. ಅವರನ್ನು ಹಿಡಿದು ನಿಲ್ಲಿಸುವುದು ಅದರ ನಿಲುವು, ಎರಗುವ ರಭಸ. ಹೊಳೆನರಸೀಪುರದ ಹೆಸರಿನಲ್ಲೇ ಇರುವ ನರಸಿಂಹನನ್ನು ತೆಗೆದುಕೋ. ಮನುಷ್ಯನ ಮೈಗೆ ಮೃಗದ ತಲೆ ಕೂರಿಸುವ ನಮ್ಮ ಸಮಸ್ಯೆಯೇ ಅದು. ನರಸಿಂಹನ ವಿಗ್ರಹಗಳಲ್ಲಿ ಕತ್ತಿನ ಬೆಸುಗೆ ಕಣ್ಣಿಗೆ ಹೊಡೆಯದಿರಲು ಕಾರಣ ಭುಜಕ್ಕೆ ಇಳಿಯುವ ಕೇಸರ. ಆನೆಗೆ ಕೇಸರವಿಲ್ಲ, ಕಿವಿಯಿದೆ. ಅಗಲವಾದ ಬಟ್ಟೆಯ ಕಿವಿ ಭುಜದ ಮೇಲೆ ಬೀಳುವ ಹಾಗೆ ಕಟ್ಟಿದರೆ ಆನೆ ಎಲ್ಲಿ ಮುಗಿದು ಮಗು ಎಲ್ಲಿ ಶುರುವಾಯಿತು ಅಂತ ತಿಳಿಯುವುದಿಲ್ಲ. ಸಿಂಹವೇ ಮಾಡುವುದಾದರೆ ಚನ್ನರಾಯಪಟ್ಟಣದ ಕಡೆ ತೆಂಗಿನ ನಾರಿಗೆ ಬರವಿಲ್ಲ, ಕೇಸರಕ್ಕೆ ಅದಕ್ಕಿಂತ ಒಳ್ಳೆಯದು ಪೇಟೆಯಲ್ಲಿ ಸಿಗುವುದಿಲ್ಲ. ಈಗ ತೀರ್ಪುಗಾರರ ಮಾತು. ಅವರು ನೋಡುವುದು ನಿಂತ ಗೊಂಬೆಯನ್ನಲ್ಲ, ವೇದಿಕೆಗೆ ಬಂದು ನಡೆದು ಹೋಗುವ ಆನೆಯನ್ನು. ಕಣ್ಣು ಕಾಣದ ಮಗು ಒಂದು ಕೈಯಲ್ಲಿ ತಲೆ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಪರದೆ ತಡಕುತ್ತದೆ. ಆಗ ಬಣ್ಣ ಎಷ್ಟು ಚೆಂದವಿದ್ದರೂ ಅಲ್ಲಿ ಆನೆ ಇರುವುದಿಲ್ಲ. ಹೊರುವವರ ತಪ್ಪು ವೇದಿಕೆಯ ಮೇಲೆ ನೋಡುವವರ ತಪ್ಪಾಗಿ ಹೊರಗೆ ಬರುತ್ತದೆ. ಬರೀ ಅಂಕದ ಲೆಕ್ಕ ಹಿಡಿದರೂ ಒಳಗನ್ನು ಮೊದಲು ನೋಡುವುದೇ ಲಾಭ.

ಟೀಚರ್: ಅಂಗಡಿಯ ರಬ್ಬರು ತಲೆಯ ಮಾತಿಗೆ ನೀವು ಉತ್ತರ ಕೊಡಲೇ ಇಲ್ಲ. ಮನೆಯಲ್ಲಿ ಮಾಡುವುದಕ್ಕೆ ವಾರಗಟ್ಟಲೆ ಬೇಕು. ಕೂಲಿಗೆ ಹೋಗುವ ತಂದೆತಾಯಿಗೆ ಅಷ್ಟು ಬಿಡುವೆಲ್ಲಿದೆ?

ಮೇಷ್ಟ್ರು: ರಬ್ಬರಿನ ತಲೆಯಲ್ಲೂ ಅದೇ ತಪ್ಪುಗಳಿರುತ್ತವೆ: ದೊಡ್ಡವರ ಅಳತೆ, ಸಣ್ಣ ಕಣ್ಣು, ಒಳಗೆ ಬೆವರು. ವ್ಯತ್ಯಾಸ ಏನೆಂದರೆ, ಆ ತಪ್ಪು ಯಾರದೋ. ಮಗು ಅದನ್ನು ಸಹಿಸಿಕೊಳ್ಳಬಹುದು, ತಿದ್ದುವ ಹಕ್ಕು ತನಗಿದೆ ಅಂತ ಅದಕ್ಕೆ ಅನ್ನಿಸುವುದೇ ಇಲ್ಲ. ಹೊತ್ತಿನ ಮಾತು ನಿಜ. ಆದರೆ ಆ ವಾರಗಟ್ಟಲೆಯಲ್ಲಿ ಕೈ ಕೆಲಸ ಸ್ವಲ್ಪ, ಕಾಯುವುದೇ ಹೆಚ್ಚು. ಎರಡು ಮೂರು ಪದರ ಅಂಟಿಸಿ, ಅದು ಪೂರ್ತಿ ಒಣಗಿದ ಮೇಲೆ ಮುಂದಿನದು. ಅವಸರದಲ್ಲಿ ಎಂಟು ಪದರ ಒಟ್ಟಿಗೆ ಮೆತ್ತಿದರೆ ಹೊರಗೆ ಒಣಗಿದಂತೆ ಕಂಡು ಒಳಗೆ ಬೂಷ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ಮಲೆನಾಡಿನ ಅಂಚಿನ ಊರುಗಳಲ್ಲಿ ಇದು ಬೇಗ. ಬಯಲುಸೀಮೆಯ ಬಿಸಿಲಿಗೆ ನೇರ ಇಟ್ಟರೆ ಒಂದು ಪಕ್ಕ ಮೊದಲು ಬಿಗಿದು ಮುಖ ಸೊಟ್ಟಗಾಗುತ್ತದೆ. ನೆರಳು, ಗಾಳಿ, ತಾಳ್ಮೆ ಇಷ್ಟಿದ್ದರೆ ಸಾಕು, ಇವಕ್ಕೆ ತಂದೆತಾಯಿಯ ಕೂಲಿ ತಪ್ಪಬೇಕಿಲ್ಲ. ಶಾಲೆಯ ಜಗಲಿಯೇ ಸಾಕು. ಹಾಗಂತ ಎಲ್ಲ ತಪ್ಪಿಗೂ ನಾನು ಬಾಗಿಲು ತೆರೆದಿಟ್ಟಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕಾಗದಕ್ಕೆ ನೋವಾಗುವ ತಪ್ಪನ್ನು ಮಾಡಲು ಬಿಡಬೇಕು, ಮಗುವಿಗೆ ನೋವಾಗುವ ತಪ್ಪನ್ನು ಬಿಡಬಾರದು. ಅಂಟಿಗೆ ಹುಳು ಬೀಳದಿರಲಿ ಅಂತ ಮೈಲುತುತ್ತು ಬೆರೆಸುವ ರೂಢಿಯುಂಟು. ಅದು ವಿಷ, ಮೂಗಿನ ಹತ್ತಿರ ಬರುವ ತಲೆಗೆ ಖಂಡಿತ ಬೇಡ. ತಂತಿಯ ತುದಿ ಒಳಮುಖವಾಗಿ ಉಳಿಯಬಾರದು. ಹತ್ತಿ, ನಾರು, ಸ್ಪಂಜು ಹೊತ್ತ ತಲೆ ದೀಪದ ಹತ್ತಿರ ಹೋಗಬಾರದು. ಉಸಿರಿನ ಕಿಂಡಿ ಎಷ್ಟಿರಬೇಕು ಅನ್ನುವುದನ್ನು ಉಸಿರುಕಟ್ಟಿಸಿ ಕಲಿಸುವುದು ಪಾಠವಲ್ಲ. ಇವನ್ನು ದೊಡ್ಡವರು ಮ‍ೊದಲೇ ಹೇಳಬೇಕು, ಎದುರು ನಿಂತು ನೋಡಬೇಕು. ಉಳಿದದ್ದನ್ನು ಮಕ್ಕಳಿಗೆ ಬಿಡಬೇಕು.

ಟೀಚರ್: ಹಾಗಾದರೆ ನಾನು ಕೆಲಸದ ದಿನಗಳನ್ನು ಉಲ್ಟಾ ಹಾಕಬೇಕು. ಮೊದಲ ದಿನ ಬರೀ ಬುಟ್ಟಿ, ಸಿಂಬೆ. ಅದನ್ನೇ ಹೊತ್ತು ಮಗು ಜಗಲಿಯ ಈ ತುದಿಯಿಂದ ಆ ತುದಿಗೆ ನಡೆಯಬೇಕು, ಮೆಟ್ಟಿಲು ಇಳಿಯಬೇಕು. ಎರಡನೇ ದಿನ ಕಿಂಡಿ, ಮತ್ತೆ ನಡಿಗೆ. ಸೊಂಡಿಲು ಕಟ್ಟಿದ ಮೇಲೆ ಮತ್ತೊಮ್ಮೆ. ಬಣ್ಣ ಎಲ್ಲ ಮುಗಿದ ಮೇಲೆ. ನಡೆದು ಬಂದ ಮಗು ಏನು ಹೇಳುತ್ತದೋ ಅದನ್ನೇ ಆ ದಿನದ ಕೆಲಸ ಅಂತ ಇಟ್ಟುಕೊಳ್ಳಬೇಕು.

ಮೇಷ್ಟ್ರು: ಅಷ್ಟೇ. ಬಣ್ಣ ಬಳಿಯುವ ಮೊದಲು ಮೂರು ಸಲವಾದರೂ ಅದು ಯಾರದೋ ತಲೆಯ ಮೇಲೆ ನಡೆದಿರಬೇಕು. ಪೇಪರಿನ ತಲೆಬರಹ ಹಣೆಯ ಮೇಲೆ ಕಾಣುತ್ತಿರುವ ಬೂದು ಆನೆಯಾಗಿದ್ದರೂ ಚಿಂತೆಯಿಲ್ಲ.

ಟೀಚರ್: ಒಂದೇ ಸಂಶಯ ಉಳಿದಿದೆ. ಈ ಮಕ್ಕಳು ಕಲಿತರು ಅಂತಲೇ ಇಟ್ಟುಕೊಳ್ಳೋಣ. ಮುಂದೆ ಅವರು ಹೈಸ್ಕೂಲಿಗೆ ಹೋಗುತ್ತಾರೆ, ಹೊಸ ಮಕ್ಕಳು ಬರುತ್ತಾರೆ. ಅವರೂ 52ಕ್ಕೇ ಬಲೂನು ಊದುತ್ತಾರೆ. ತಪ್ಪಿನಿಂದ ಕಲಿತದ್ದು ಕಲಿತವರ ಜೊತೆಗೇ ಹೋಗಿಬಿಡುತ್ತದಲ್ಲ?

ಮೇಷ್ಟ್ರು: ಹೋಗುತ್ತದೆ, ಬರೆದಿಡದಿದ್ದರೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರ ಲಕ್ಷ್ಮೀನರಸಿಂಹ ದೇವಸ್ಥಾನ ಇದೆ. ಅಲ್ಲಿ ಬೈಚೋಜ, ಮಲ್ಲಿತಮ್ಮ ಅನ್ನುವ ಶಿಲ್ಪಿಗಳು ತಾವು ಕಡೆದ ವಿಗ್ರಹಗಳ ಪೀಠದಲ್ಲಿ ತಮ್ಮ ಹೆಸರು ಕೊರೆದಿದ್ದಾರೆ. ಇದು ನನ್ನ ಕೈಕೆಲಸ ಅಂತ ಹೇಳುವ ಹಕ್ಕನ್ನು ಅವರು ಉಳಿಸಿಕೊಂಡರು. ಗೆದ್ದ ಕೆಲಸಕ್ಕೆ ಹೆಸರು ಹಾಕಿದರು, ಕಲ್ಲಿನಲ್ಲಿ ಅಷ್ಟಕ್ಕೇ ಜಾಗ. ನಿನ್ನ ಮಕ್ಕಳ ಆನೆಗೆ ಇನ್ನೂ ಒಂದು ಅನುಕೂಲವಿದೆ, ಅದರ ಒಳಗು ಖಾಲಿ. ಹೊರಗೆ ಬಣ್ಣ ಬಳಿಯಲಿ, ಒಳಗೋಡೆಗೆ ಮಾತ್ರ ಬಳಿಯುವುದು ಬೇಡ. ಅಲ್ಲಿ ಪೆನ್ಸಿಲಿನಲ್ಲಿ ಬರೆಸು: ಬುಟ್ಟಿಯ ಸುತ್ತಳತೆ ಎಷ್ಟು, ಸ್ಪಂಜು ಎಷ್ಟು ದಪ್ಪ, ಮೊದಲ ಸೊಂಡಿಲು ಯಾಕೆ ಕಿತ್ತು ಹಾಕಿದೆವು, ಯಾವ ಕಿಂಡಿಯಿಂದ ಮೆಟ್ಟಿಲು ಕಾಣಲಿಲ್ಲ. ಕೆಳಗೆ ತಾರೀಕು. ಮುಂದಿನ ವರ್ಷದ ಮಗು ಆ ತಲೆಯನ್ನು ಹಾಕಿಕೊಳ್ಳಲು ಎತ್ತಿ ಬೋರಲು ಹಿಡಿದಾಗ, ಬಣ್ಣಕ್ಕಿಂತ ಮೊದಲು ಅದರ ಕಣ್ಣಿಗೆ ಬೀಳುವುದು ಆ ಬರಹ.